ದೊಡ್ಡಮ್ಮ, ಒಂದೂವರೆ, ಹಿತ್ತಾಳೆ

ಗೋದಾಮಪ್ಪ ಜಾಣನೋ ದಡ್ಡನೋ ಎಂಬ ವಿಷಯದಲ್ಲಿ ಎರಡು ಅಭಿಪ್ರಾಯಗಳಿದ್ದವು. ಜಾಣ ಎಂಬುದು ಅವನೊಬ್ಬನ ಅಭಿಪ್ರಾಯ. ಅದನ್ನೂ ಅವನು ಊಟವಾದ ಮೇಲೆ ಅರ್ಧ ಗಂಟೆ ಮಾತ್ರ ಇಟ್ಟುಕೊಳ್ಳುತ್ತಿದ್ದ. ಉಳಿದ ಹೊತ್ತಿನಲ್ಲಿ ಅವನೂ ಬಹುಮತದ ಕಡೆಯೇ.

ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ನಲ್ಲಿ, ಪೈಪು, ವಾಲ್ವುಗಳ ಗೋದಾಮಿನಲ್ಲಿ ಒಂದೇ ಕುರ್ಚಿಯ ಮೇಲೆ ಇಪ್ಪತ್ತಮೂರು ವರ್ಷ ಕೂತವನನ್ನು ಜನ ಇನ್ನೇನೆಂದು ಕರೆದಾರು? ಕುರ್ಚಿಯ ಒಂದು ಕಾಲು ಗಿಡ್ಡ. ಅದರಡಿ ಒಂದು ರಬ್ಬರ್ ವಾಷರು. ಮೇಜಿನ ಕೆಳಗೆ ಒಂದು ತಗಡಿನ ಡಬ್ಬಿ. ಡಬ್ಬಿಯ ತುಂಬ ಯಾವ ನಲ್ಲಿಯದೋ, ಯಾವ ಪಂಪಿನದೋ ಗೊತ್ತಿಲ್ಲದ ತುಂಡುಗಳು. ಯಾರಾದರೂ ಎಸೆಯಲು ಹೋದರೆ "ಇರ್ಲಿ ಬಿಡ್ರಪ್ಪಾ, ಯಾವತ್ತಾದ್ರೂ ಬೇಕಾಗುತ್ತೆ" ಎನ್ನುತ್ತಿದ್ದ. ಇಪ್ಪತ್ತಮೂರು ವರ್ಷದಲ್ಲಿ ಒಂದು ಸಲವೂ ಬೇಕಾಗಿರಲಿಲ್ಲ.

ಯಾವ ಸಾಮಾನು ಎಲ್ಲಿದೆ ಎಂಬುದೆಲ್ಲ ಅವನ ತಲೆಯಲ್ಲಿತ್ತು. ತೊಂದರೆ ಏನೆಂದರೆ, ಬೇರೆಲ್ಲೂ ಇರಲಿಲ್ಲ. ಅವನು ಜ್ವರ ಬಂದು ನಾಲ್ಕು ದಿನ ಮಲಗಿದಾಗ ಇಡೀ ಗೋದಾಮು ಅವನ ಜೊತೆ ಹಾಸಿಗೆ ಹಿಡಿಯಿತು. ಐದನೆಯ ದಿನ ಸಣ್ಣ ಯಜಮಾನರು ಅವನನ್ನು ಎದುರಿಗೆ ನಿಲ್ಲಿಸಿಕೊಂಡರು. ಸಣ್ಣ ಯಜಮಾನರೆಂದರೆ ದೊಡ್ಡ ಯಜಮಾನರ ಮಗಳ ಕೈಹಿಡಿದು, ಅದೇ ಕೈಯಲ್ಲಿ ಗೋದಾಮಿನ ಬೀಗದ ಕೈಯನ್ನೂ ಹಿಡಿದವರು.

"ನಿಮ್ಮ ತಲೆ ರಜಾ ಹಾಕಿದ್ರೆ ವ್ಯಾಪಾರಾನೂ ರಜಾ ಹಾಕ್ಬೇಕೇನ್ರೀ? ಪ್ರತಿ ಸಾಮಾನಿಗೂ ಒಂದು ಕೋಡ್ ಮಾಡಿ. ಒಂದು ಸಾಮಾನಿಗೆ ಒಂದೇ ಕೋಡ್. ಚಿಕ್ಕದಾಗಿರ್ಬೇಕು, ನೆನಪಲ್ಲಿ ಉಳೀಬೇಕು. ಕೋಡ್ ಇಲ್ಲದ ವಸ್ತು ಗೋದಾಮಲ್ಲಿ ಇರ್ಕೂಡ್ದು. ಮುಂದಿನ ತಿಂಗಳು ಹದಿನೈದನೇ ತಾರೀಕು, ಆರ್ಡರು ಕೊಡೋ ಮುಂಚೆ ನಮ್ಮನ್ನ ಪರೀಕ್ಷೆ ಮಾಡೋಕೆ, ಆ ಮನೆ ಕಟ್ಟೋ ಕಂಪನಿಯಿಂದ ಎಂಜಿನಿಯರಮ್ಮ ಬರ್ತಾರೆ. ಹತ್ತು ಸಾಮಾನು ಕೇಳ್ತಾರೆ, ಒಂದೊಂದಕ್ಕೆ ಒಂದೊಂದು ನಿಮಿಷ. ಹತ್ತೂ ಸಿಕ್ರೆ ಈ ಕುರ್ಚಿ ನಿಮ್ದೇ. ಒಂದು ತಪ್ಪಿದ್ರೂ ನೀವು ಗೇಟಿನ ಹತ್ರ ನಿಂತು ಲಾರಿ ನಂಬರು ಬರ್ಕೊಳ್ಳಿ."

ಗೇಟಿನ ಹತ್ತಿರ ನೆರಳಿರಲಿಲ್ಲ, ಕುರ್ಚಿಯೂ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಅವನನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ. "ಅಣ್ಣಾ, ಅದೆಲ್ಲಿದೆ?" ಎಂದು ದಿನಕ್ಕೆ ಇನ್ನೂರು ಸಲ ಕೇಳಿಸಿಕೊಂಡು ಬೈದುಕೊಳ್ಳುತ್ತಿದ್ದ ಮನುಷ್ಯನಿಗೆ, ಆ ಮಾತು ಕೇಳಿಸದ ಜಾಗ ಒಂದಿದೆಯೆಂದು ನೆನೆದೇ ದಿಗಿಲಾಯಿತು.

ಹೆದರಿದ ಗೋದಾಮಪ್ಪ ಹದಿನೇಳು ಅಂಕಿಯ ಕೋಡ್ ತಯಾರಿಸಿದ. ಲೋಹಕ್ಕೆ ಒಂದು, ಅಳತೆಗೆ ಎರಡು, ಬಣ್ಣಕ್ಕೆ ಒಂದು, ತಯಾರಿಸಿದವರಿಗೆ ಮೂರು, ರ್ಯಾಕು, ಸಾಲು, ಖಾನೆ, ಬಂದ ತಿಂಗಳು, ಕೊನೆಗೆ ಮುಂದೆ ಯಾವತ್ತಾದರೂ ಬೇಕಾದರೆ ಇರಲಿ ಎಂದು ಎರಡು ಸೊನ್ನೆ. ಹುಮ್ಮಸ್ಸಿನಲ್ಲಿ ಫ್ಯಾನಿಗೂ ಕೋಡ್ ಕೊಟ್ಟ, ತನ್ನ ಕುರ್ಚಿಗೂ ಕೊಟ್ಟ. ಸಣ್ಣ ಯಜಮಾನರು ನೋಡಿ, "ಅಲ್ರೀ, ಹೊರಗೆ ಹೋಗೋ ಸಾಮಾನಿಗೆ ಮಾತ್ರ ಕೋಡ್. ಕುರ್ಚಿ ಮೇಜು ಯಾರು ಕೊಂಡ್ಕೋತಾರೆ?" ಎಂದು ಅವೆರಡನ್ನು ಹೊಡೆದುಹಾಕಿದರು. ಉಳಿದದ್ದು ಓದಲು ಅವರಿಗೂ ಪುರಸೊತ್ತಿರಲಿಲ್ಲ.

ಮರುದಿನ ಪ್ಲಂಬರನೊಬ್ಬ ಬಂದು ಅರ್ಧ ಇಂಚಿನ ವಾಷರು ಕೇಳಿದ. ಬಿಲ್ಲು ಬರೆಯುವಾಕೆ, ಅವಳನ್ನು ಎಲ್ಲರೂ ಬಿಲ್ಲಕ್ಕ ಎನ್ನುತ್ತಿದ್ದರು, ಹದಿನೇಳು ಅಂಕಿ ಬರೆಯುವಾಗ ಒಂದು ಸೊನ್ನೆಯನ್ನು ಕಳೆದುಕೊಂಡಳು. ಮುಕ್ಕಾಲು ಗಂಟೆಯ ಮೇಲೆ ಲೋಡರಣ್ಣ ಇನ್ನೊಬ್ಬನನ್ನು ಜೊತೆ ಮಾಡಿಕೊಂಡು ಒಂದು ಕಮೋಡು ಹೊತ್ತು ತಂದು ಪ್ಲಂಬರನ ಮುಂದೆ ಇಳಿಸಿದ.

"ಅಣ್ಣಾ, ನಲ್ಲಿ ತೊಟಕ್ತಿದೆ ಅಂದೆ ಅಷ್ಟೇ," ಎಂದ ಪ್ಲಂಬರು.

"ಚೀಟೀಲಿರೋದು ಇದೇ," ಎಂದ ಲೋಡರಣ್ಣ ಬೆವರು ಒರೆಸಿಕೊಂಡು. ಅವನಿಗೆ ಅಂಕಿ ಗುರುತಿಸುವುದು ಬಿಟ್ಟರೆ ಓದು ಬರುತ್ತಿರಲಿಲ್ಲ. ಅದಕ್ಕೇ ಚೀಟಿಯ ಮೇಲೆ ಅಷ್ಟು ಗೌರವ.

ಪ್ಲಂಬರು ಬಂದದ್ದು ಬಂತೆಂದು ಕಮೋಡಿನ ಮೇಲೆಯೇ ಕೂತು ಇನ್ನರ್ಧ ಗಂಟೆ ಕಾದ. ಆ ವಾರವೇ ಗೋದಾಮಿಗೆ ಸುಣ್ಣ ಹೊಡೆಯಲೆಂದು ರ್ಯಾಕುಗಳನ್ನೆಲ್ಲ ಆ ಕಡೆಯಿಂದ ಈ ಕಡೆಗೆ ಸರಿಸಿದರು. ಕೋಡ್‌ನಲ್ಲಿ ರ್ಯಾಕು ನಂಬರನ್ನೂ ತುರುಕಿದ್ದ ಮಹಾನುಭಾವನ ನಾನೂರ ಹನ್ನೆರಡು ಕೋಡ್‌ಗಳೂ ಒಂದೇ ಮಧ್ಯಾಹ್ನ ಸುಳ್ಳಾದವು.

"ಇಂಥ ತಲೆ ಇಟ್ಕೊಂಡು ಇಪ್ಪತ್ತಮೂರು ವರ್ಷ ಹೇಗೆ ತಳ್ಳಿದೆನೋ," ಎಂದು ಗೋದಾಮಪ್ಪ ಹಣೆ ಚಚ್ಚಿಕೊಂಡ. ಆ ಹೊತ್ತಿಗೇ ಲೋಡರಣ್ಣ ಬಂದು, "ಅಣ್ಣಾ, ಟ್ಯಾಂಕಿಗೆ ಹಾಕೋದು ಏನೋ ಬೇಕಂತೆ, ನಂಬರು ಹೇಳು" ಎಂದ.

"ನಂಬರು ಬೆಂಕಿಗ್ಹಾಕು! ಅದೇ ಕಣಯ್ಯಾ, ಚೆಂಡಿನ ಹಂಗಿರುತ್ತಲ್ಲ, ತುಂಬೋ ತನಕ ಸುಮ್ನೆ ಬಿದ್ದಿರುತ್ತೆ, ತುಂಬಿದ ಮೇಲೆ ಮೇಲೆದ್ದು ಬಾಗಿಲು ಹಾಕುತ್ತೆ. ಥೇಟ್ ನಮ್ಮ ಸೋದರಮಾವ!"

ಲೋಡರಣ್ಣ ಇಪ್ಪತ್ತು ಸೆಕೆಂಡಿನಲ್ಲಿ ಬಾಲ್‌ಕಾಕು ತಂದು ಮೇಜಿನ ಮೇಲಿಟ್ಟ. "ಮೊದ್ಲೇ ಹಿಂಗೆ ಹೇಳೋಕೇನು?" ಎಂದ.

ಗೋದಾಮಪ್ಪ ಬಾಲ್‌ಕಾಕನ್ನೇ ನೋಡುತ್ತ ಕೂತ. ಊಟವಾಗಿ ಹತ್ತು ನಿಮಿಷವಾಗಿತ್ತಷ್ಟೆ. ಜಾಣತನದ ಅರ್ಧ ಗಂಟೆ ನಡೆಯುತ್ತಿತ್ತು. ಗೋದಾಮಿನಲ್ಲಿ ಇದ್ದದ್ದು ಮೂವತ್ತನಾಲ್ಕು ಬಗೆಯ ಸಾಮಾನು. ಅಳತೆ, ಲೋಹ ಬದಲಾಯಿಸಿದರೆ ನಾನೂರ ಹನ್ನೆರಡು. ಮೂವತ್ತನಾಲ್ಕು ನೆಂಟರು ಯಾರಿಗಿಲ್ಲ? ಯಾವ ನೆಂಟ ಏನು ಮಾಡುತ್ತಾನೆ ಎಂಬುದನ್ನು ಯಾರು ಮರೆಯುತ್ತಾರೆ? ಮೊದಲು ನೆಂಟಸ್ತಿಕೆ, ಆಮೇಲೆ ಅಳತೆ, ಕೊನೆಗೆ ಲೋಹ. ಮೂರೇ ಮಾತು. ರ್ಯಾಕು ಎಲ್ಲಿಗೆ ಹೋದರೂ ನೆಂಟ ನೆಂಟನೇ.

ಆ ಭಾನುವಾರ ಮನೆಗೆ ಬಂದ ನೆಂಟರ ನಡುವೆ ಅವನು ನೋಟ್‌ಬುಕ್ ಹಿಡಿದು ಕೂತ. ಒಬ್ಬೊಬ್ಬರನ್ನೂ ನೋಡುವುದು, ಏನೋ ಗೀಚುವುದು. ಯಾರಿಗೋ ಏನೋ ಕೊಡಲು ಪಟ್ಟಿ ಮಾಡುತ್ತಿದ್ದಾನೆಂದು ಸುದ್ದಿ ಹಬ್ಬಿತು. ತಕ್ಷಣ ಎಲ್ಲರೂ ಸಜ್ಜನರಾದರು. ಸೋದರಮಾವ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ದೊಡ್ಡಮ್ಮ ಹೊರಡುವಾಗ ಬರಿಗೈಯಲ್ಲಿ ಹೊರಟಳು. ಗೋದಾಮಪ್ಪನಿಗೆ ಪೀಕಲಾಟವಾಯಿತು. ಕೊನೆಗೆ ನೋಟ್‌ಬುಕ್ ಮುಚ್ಚಿ ಅಡುಗೆಮನೆ ಬಾಗಿಲ ಸಂದಿಯಿಂದ ನೋಡಬೇಕಾಯಿತು.

ಹೀಗೆ ಪಟ್ಟಿ ಆಯಿತು. ಬಾಲ್‌ಕಾಕು, ಸೋದರಮಾವ. ಒಳಗೆ ಹೋದ ನೀರನ್ನು ಮತ್ತೆಂದೂ ಹಿಂದಕ್ಕೆ ಬಿಡದ ನಾನ್‌ರಿಟರ್ನ್ ವಾಲ್ವು, ದೊಡ್ಡಮ್ಮ. ಒಂದು ಕಡೆ ಬಿಟ್ಟದ್ದನ್ನು ನೂರು ತೂತಿನಿಂದ ಸುರಿಸುವ ಷವರು, ಅಣ್ಣನ ಹೆಂಡತಿ ಅತ್ತಿಗೆ. ಎಳೆದ ಕಡೆಗೆಲ್ಲ ಬಗ್ಗುವ ಬಳುಕು ಪೈಪು, ಹೆಂಡತಿಯ ತಮ್ಮ ಬಾಮೈದ. ಯಾವ ಪೈಪು ಬಂದರೂ ಅಲ್ಲಿಗೇ ಮುಗಿಸಿಬಿಡುವ ಮುಚ್ಚಳ, ನಿವೃತ್ತ ಹೆಡ್‌ಮಾಸ್ಟರಾದ ಹೆಣ್ಣು ಕೊಟ್ಟ ಮಾವ. ಎರಡು ಕಡೆಯಿಂದ ಅಮುಕಿಸಿಕೊಂಡು ಉಸಿರೆತ್ತದೆ ಸವೆಯುವ ವಾಷರು, ಪಾಪ, ಚಿಕ್ಕಪ್ಪ. ಲೋಡರಣ್ಣನಿಗೆ ಅರ್ಥವಾಗಲೆಂದು ಪ್ರತಿ ಕೋಡ್‌ನ ಪಕ್ಕದಲ್ಲಿ 'ವಿವರ' ಎಂಬ ಕಾಲಂ ಮಾಡಿ ಕಾರಣವನ್ನೂ ಬರೆದ. ಲೋಡರಣ್ಣನಿಗೆ ಓದು ಬಾರದೆಂಬುದು ಬರೆದು ಮುಗಿಸಿದ ಮೇಲೆ ನೆನಪಾಯಿತು.

ಆದರೂ ಬಿಲ್ಲಕ್ಕ ಒಂದು ಸಲ ಓದಿ ಹೇಳಿದ್ದಷ್ಟೆ, ಲೋಡರಣ್ಣನಿಗೆ ಎಲ್ಲ ಬಾಯಿಪಾಠವಾಯಿತು. "ಚಿಕ್ಕಪ್ಪ ಅರ್ಧ ರಬ್ಬರ್ ಎರಡು ಡಜನ್!" ಎಂದು ಅವಳು ಕೂಗಿದರೆ, ಅವನು ಅದನ್ನೇ ಗುಡುಗಿನಂತೆ ಮರುಕೂಗುತ್ತ ಓಡುತ್ತಿದ್ದ. ಹುಡುಕುವ ಮಾತೇ ನಿಂತಿತು. ಸಣ್ಣ ಯಜಮಾನರು ಖುಷಿಯಾಗಿ, ಗೋದಾಮಪ್ಪನಿಗೂ ಹೇಳದೆ, ವಿವರದ ಕಾಲಂ ಓದದೆ, ಹನ್ನೆರಡು ಪುಟದ ಪಟ್ಟಿಯನ್ನು ಇನ್ನೂರು ಪ್ರತಿ ಅಚ್ಚು ಹಾಕಿಸಿ ಪ್ಲಂಬಿಂಗ್ ಕೆಲಸ ಮಾಡುವ ಎಲ್ಲರಿಗೂ ಕಳಿಸಿಬಿಟ್ಟರು.

ಬಾಮೈದ ಪ್ಲಂಬಿಂಗ್ ಗುತ್ತಿಗೆದಾರ. ಅವನ ಪ್ರತಿ ಹದಿನೈದನೇ ತಾರೀಕು ಬೆಳಿಗ್ಗೆ ಕೈ ಸೇರಿತು.

ಹನ್ನೊಂದು ಗಂಟೆಗೆ ಪರೀಕ್ಷೆ ಶುರುವಾಯಿತು. ಎಂಜಿನಿಯರಮ್ಮ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಪಟ್ಟಿಯ ಒಂದು ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಗುವ ಸ್ವಭಾವದವರಲ್ಲ. ಅವರ ಮುಂದೆ ಒಂದು ತಟ್ಟೆ ಬಿಸ್ಕತ್ತು. ಮೊದಲನೆಯ ಸಾಮಾನು ಹತ್ತೊಂಬತ್ತು ಸೆಕೆಂಡಿನಲ್ಲಿ ಬಂತು, ಎರಡನೆಯದು ಇಪ್ಪತ್ತನಾಲ್ಕರಲ್ಲಿ. ಗೋದಾಮಪ್ಪ ಕುರ್ಚಿಯ ಕೈಯನ್ನು ಸವರಿಕೊಂಡ.

"ಮೂರನೇದು. ನಾನ್‌ರಿಟರ್ನ್ ವಾಲ್ವು, ಒಂದೂವರೆ ಇಂಚು, ಹಿತ್ತಾಳೇದು."

ಬಿಲ್ಲಕ್ಕ ಕೂಗಿದಳು. ಲೋಡರಣ್ಣ ತಗಡಿನ ಚಾವಣಿ ಅದುರುವಂತೆ ಮರುಕೂಗಿದ: "ದೊಡ್ಡಮ್ಮಾ! ಒಂದೂವರೇ! ಹಿತ್ತಾಳೇ!"

"ಯಾವನೋ ಅವನು ನನ್ನ ಕೂಗಿದ್ದು?" ಎಂದಿತು ಬಾಗಿಲು.

ಗೋದಾಮಪ್ಪ ತಿರುಗಿ ನೋಡಿದ. ಮುಂದೆ ದೊಡ್ಡಮ್ಮ, ಒಂದು ಕೈಯಲ್ಲಿ ಪಟ್ಟಿ, ಇನ್ನೊಂದರಲ್ಲಿ ಛತ್ರಿ. ಹಿಂದೆ ಅತ್ತಿಗೆ, ಸೋದರಮಾವ, ಬಾಮೈದ, ಹೆಣ್ಣು ಕೊಟ್ಟ ಮಾವ. ಎಲ್ಲರ ಹಿಂದೆ, ಕೈಕಟ್ಟಿಕೊಂಡು, ಅವನ ಹೆಂಡತಿ.

"ನಾನು ವಾಪಸ್ ಕೊಡಲ್ವೇನೋ? ಹನ್ನೆರಡು ಪುಟ ಅಚ್ಚು ಹಾಕ್ಸಿ ಲೋಕಕ್ಕೆಲ್ಲಾ ಸಾರಿದೀಯಲ್ಲೋ! ಯಾವತ್ತು, ಯಾರ ಹತ್ರ, ಏನು ತಗೊಂಡು ವಾಪಸ್ ಕೊಟ್ಟಿಲ್ಲ ನಾನು? ಹೇಳು!" ಒಂದೊಂದು ಪ್ರಶ್ನೆಗೂ ದೊಡ್ಡಮ್ಮ ಛತ್ರಿಯ ತುದಿಯಿಂದ ಅವನ ಎದೆಗೆ ಒಂದೊಂದು ತಿವಿತ ಕೊಟ್ಟಳು.

ಗೋದಾಮಪ್ಪ ಛತ್ರಿಯನ್ನೇ ನೋಡುತ್ತಿದ್ದ. ಹಿಡಿ ಮುರಿದಿತ್ತು, ಮುರಿದ ಕಡೆ ನೀಲಿ ವೈರು ಸುತ್ತಿತ್ತು. ನಾಲ್ಕು ವರ್ಷದ ಹಿಂದೆ ಆ ವೈರು ಸುತ್ತಿದವನು ಅವನೇ.

ಎಂಜಿನಿಯರಮ್ಮನೂ ಅವನ ಕಣ್ಣು ಹೋದ ಕಡೆ ನೋಡಿದರು. "ಛತ್ರಿ ಯಾರ್ದು?" ಎಂದರು.

"ಇದಾ? ಇವನ್ದೇ," ಎಂದಳು ದೊಡ್ಡಮ್ಮ. "ಅದಕ್ಕೇನೀಗ?"

ಎಂಜಿನಿಯರಮ್ಮ ಮೂರನೆಯ ಸಾಮಾನಿಗೆ ಸರಿ ಗುರುತು ಹಾಕಿದರು. "ನಾಲ್ಕನೇದು, ಷವರು."

"ಅದು ನಾನಂತೆ!" ಎಂದು ಅತ್ತಿಗೆ ಮುಂದೆ ಬಂದಳು. "ನನ್ನ ಹೊಟ್ಟೇಲಿ ಮಾತು ನಿಲ್ಲಲ್ಲ ಅಂತ ಬರ್ದಿದಾನೆ ಮೈದುನ. ನಾನು ಯಾರಿಗೆ ಏನು ಹೇಳಿದೀನಿ?"

"ಅತ್ತಿಗೆ, ಬೆಳಿಗ್ಗೆ ಒಂಬತ್ತಕ್ಕೆ ಈ ಪಟ್ಟೀನ ನಾನು ನಿಮಗೊಬ್ರಿಗೇ ತೋರ್ಸಿದ್ದು," ಎಂದ ಬಾಮೈದ ಮೆಲ್ಲಗೆ. "ಯಾರಿಗೂ ಹೇಳ್ಬೇಡಿ ಅಂತ ಆಣೆ ಬೇರೆ ಹಾಕ್ಸಿದ್ದೆ. ಒಂಬತ್ತೂವರೆಗೆ ದೊಡ್ಡಮ್ಮ ನನಗೇ ಫೋನ್ ಮಾಡಿ ಎಲ್ಲಾ ಒಪ್ಪಿಸಿದ್ರು."

"ನೀನು ಯಾರ ಕಡೆಯೋ?" ಎಂದು ದೊಡ್ಡಮ್ಮ ಗದರಿದಳು.

"ನಿಮ್ಮ ಕಡೇನೇ ದೊಡ್ಡಮ್ಮ. ಭಾವ ಮಾಡಿದ್ದು ಶುದ್ಧ ತಪ್ಪು." ಅವನು ಗೋದಾಮಪ್ಪನ ಮುಖ ನೋಡಿದ. "ಆದ್ರೆ ಭಾವ ಹೇಳೋದ್ರಲ್ಲೂ ನ್ಯಾಯ ಇದೆ." ಅತ್ತಿಗೆಯ ಮುಖ ನೋಡಿದ. "ಅಷ್ಟೇನಿಲ್ಲ ಬಿಡಿ."

"ಬಳುಕು ಪೈಪು, ಐದನೇದು," ಎಂದರು ಎಂಜಿನಿಯರಮ್ಮ. ಗಲಾಟೆಯ ನಡುವೆಯೇ ಲೋಡರಣ್ಣ "ಬಾಮೈದಾ! ಎರಡಡೀ! ಉಕ್ಕೂ!" ಎಂದು ಕೂಗುತ್ತ ಓಡಿದ. ಒಬ್ಬ ಕಿರುಚುವುದು, ಇನ್ನೊಬ್ಬ ಓಡುವುದು, ಅವರು ಗುರುತು ಹಾಕುವುದು. ಆರು, ಏಳು, ಎಂಟು ಹೀಗೇ ಆದವು. ಈ ಪರೀಕ್ಷೆಯನ್ನು ತಾನು ಗೆಲ್ಲುತ್ತಿದ್ದೇನೋ ಸೋಲುತ್ತಿದ್ದೇನೋ ಗೋದಾಮಪ್ಪನಿಗೆ ತಿಳಿಯದಾಯಿತು.

ಇಷ್ಟು ಹೊತ್ತೂ ಸೋದರಮಾವ ತುಟಿ ಬಿಚ್ಚಿರಲಿಲ್ಲ, ಅಂದರೆ ಮಾತಿಗೆ. ಬಿಸ್ಕತ್ತಿನ ತಟ್ಟೆಯ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತಿದ್ದರು. ಕೊನೆಯ ಬಿಸ್ಕತ್ತು ಮುಗಿಯಿತು. ಕೈ ಕೊಡವಿಕೊಂಡು ಎದ್ದರು.

"ಏನಯ್ಯಾ ಅಳಿಯಾ, ಹೊಟ್ಟೆ ತುಂಬಿದ ಮೇಲೆ ಮೇಲೇಳ್ತೀನಿ ಅಂತ ಬರ್ದಿದೀಯಂತೆ?" ಎಂದು ಅಬ್ಬರಿಸಿದರು.

ಎಂಜಿನಿಯರಮ್ಮ ಖಾಲಿ ತಟ್ಟೆ ನೋಡಿದರು, ಎದ್ದು ನಿಂತ ಸೋದರಮಾವನನ್ನು ನೋಡಿದರು, ಪಟ್ಟಿಯನ್ನು ನೋಡಿದರು. "ಬಾಲ್‌ಕಾಕು, ಒಂಬತ್ತನೇದು. ವಿವರ ಸರಿಯಾಗಿದೆ," ಎಂದು ಬರೆದುಕೊಂಡರು.

ಸಣ್ಣ ಯಜಮಾನರು ಆಗಷ್ಟೇ ಮೊದಲ ಸಲ ವಿವರದ ಕಾಲಂ ಓದಿ ಮುಗಿಸಿದ್ದರು. ಮುಖ ಸುಣ್ಣದ ಗೋಡೆಯಾಗಿತ್ತು. "ಏನ್ರೀ ಇದು! ಅಮ್ಮಾ, ಕೋಪ ಮಾಡ್ಕೋಬೇಡಿ. ಇವತ್ತೇ ಎಲ್ಲಾ ಕಿತ್ತುಹಾಕ್ತೀವಿ. ಕೋಡ್ ರದ್ದು!" ಎಂದು ದೊಡ್ಡಮ್ಮನಿಗೆ ಕೈಮುಗಿದರು.

ಕೋಡ್ ರದ್ದಾದರೆ ಕುರ್ಚಿ ರದ್ದು. ಗೋದಾಮಪ್ಪನಿಗೆ ಗೇಟು ಕಂಡಿತು, ಬಿಸಿಲು ಕಂಡಿತು. ತಾನು ಮಾಡಿದ ಒಂದೇ ಒಂದು ಜಾಣ ಕೆಲಸವೂ ದಡ್ಡ ಕೆಲಸವೇ ಆಗಿತ್ತಲ್ಲ ಎಂದು ದುಃಖವಾಯಿತು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

"ಆಯ್ತಲ್ಲ," ಎಂದರು ಹೆಣ್ಣು ಕೊಟ್ಟ ಮಾವ.

ಮೂವತ್ತೈದು ವರ್ಷ ತರಗತಿಗಳ ಗಲಾಟೆ ನಿಲ್ಲಿಸಿದ ಮಾತು ಅದು. ಎಲ್ಲ ಬಾಯಿಗಳೂ ಅಲ್ಲಿಗೇ ಮುಗಿದವು. "ಸಂಸಾರ ಮಾಡೋಳು ಅವಳು. ಇರ್ಲಿ ಅಂದ್ರೆ ಇರ್ಲಿ, ಬೇಡ ಅಂದ್ರೆ ಬೇಡ. ಮಗಳು ಹೇಳ್ಲಿ," ಎಂದು ಅವರು ದಾರಿ ಬಿಟ್ಟು ನಿಂತರು.

ಹೆಂಡತಿ ಮುಂದೆ ಬಂದಳು. "ರೀ, ಹನ್ನೆರಡು ಪುಟಾನೂ ಎರಡು ಸಲ ಓದ್ದೆ," ಎಂದಳು. "ನಿಮ್ಮ ದೊಡ್ಡಮ್ಮ ಇದಾರೆ, ಅತ್ತಿಗೆ ಇದಾರೆ, ಎರಡು ವರ್ಷಕ್ಕೊಂದ್ಸಲ ಮುಖ ತೋರ್ಸೋ ನಿಮ್ಮ ಚಿಕ್ಕಪ್ಪನೂ ಇದಾರೆ. ನಾನೆಲ್ಲಿ?"

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಗೋದಾಮಪ್ಪನಿಗೆ ಹೆಚ್ಚು ಭಯ ಹುಟ್ಟಿಸಿತು.

"ಮೊದ್ಲು ನಿನ್ನ ಗೇಟ್ ವಾಲ್ವು, ತಿರುಗಿಸಿದ್ರೆ ಎಲ್ಲಾ ಬಂದ್ ಮಾಡುತ್ತಲ್ಲ, ಅದು ಅಂತ ಬರ್ದಿದ್ದೆ," ಎಂದುಬಿಟ್ಟ. ಸೋದರಮಾವ ಹಣೆಗೆ ಕೈ ಹೊಡೆದುಕೊಂಡರು. "ಅಲ್ಲಲ್ಲ, ಹೊಡೆದುಹಾಕ್ದೆ! ಯಾವುದಕ್ಕೂ ಒಗ್ಗಲಿಲ್ಲ ಕಣೆ. ಆಮೇಲೆ ನೋಡಿದ್ರೆ ನಿನಗೆ ಕೋಡೇ ಬೇಕಾಗಿಲ್ಲ. ಹೊರಗೆ ಹೋಗೋ ಸಾಮಾನಿಗೆ ಮಾತ್ರ ಕೋಡ್ ಅಂತ ಸಣ್ಣ ಯಜಮಾನ್ರೇ ಹೇಳಿದಾರೆ, ಕೇಳು."

"ಅಂದ್ರೆ ನಾನು ಕುರ್ಚಿ ಮೇಜಿನ ಲೆಕ್ಕಾನಾ?"

"ಹೂಂ ಕಣೆ," ಎಂದ ಗೋದಾಮಪ್ಪ. "ಕುರ್ಚಿ ಇಲ್ದಿದ್ರೆ ನಾನೆಲ್ಲಿ ಕೂತ್ಕೊಳ್ಳಿ? ಈ ಗೋದಾಮಲ್ಲಿ ನಾನೂರ ಹನ್ನೆರಡು ಸಾಮಾನು ಕಣ್ಮುಚ್ಕೊಂಡು ತೆಗೀತೀನಿ. ಮನೇಲಿ ನೀನಿಲ್ದಿದ್ರೆ ನನ್ನ ಕನ್ನಡಕ ನನಗೆ ಸಿಗಲ್ಲ, ಮೂಗಿನ ಮೇಲೇ ಇದ್ರೂ."

ಹೆಂಡತಿ ತಲೆ ತಗ್ಗಿಸಿ ನೆಲ ನೋಡುತ್ತಿದ್ದಳು. "ಇರ್ಲಿ ಬಿಡಿ, ಪಟ್ಟಿ ಹಾಗೇ ಇರ್ಲಿ," ಎಂದಳು.

ದೊಡ್ಡಮ್ಮ ನಿಟ್ಟುಸಿರು ಬಿಟ್ಟಳು. "ಹೋಗ್ಲಿ, ಹಿತ್ತಾಳೇಲೇ ಮಾಡಿದಾನಲ್ಲ, ಪ್ಲಾಸ್ಟಿಕ್ ಅಲ್ಲ," ಎಂದಳು.

ಎಂಜಿನಿಯರಮ್ಮ ಗಂಟಲು ಸರಿಮಾಡಿಕೊಂಡರು. "ಹತ್ತನೇದು ಬಾಕಿ ಇದೆ," ಎಂದು ಸುತ್ತಲೂ ಕಣ್ಣಾಡಿಸಿದರು. ಕಣ್ಣು ಮೇಜಿನ ಕೆಳಗೆ ನಿಂತಿತು. "ಆ ಡಬ್ಬೀಲಿರೋದು. ಅದರ ಕೋಡ್ ಏನು?"

ಗೋದಾಮಪ್ಪ ಕಾಲಿನಿಂದ ಡಬ್ಬಿಯನ್ನು ಇನ್ನಷ್ಟು ಒಳಗೆ ತಳ್ಳಿದ. ಆ ಡಬ್ಬಿಗೆ ಕೋಡ್ ಇರಲಿಲ್ಲ. ಕೋಡ್ ಇಲ್ಲದ ವಸ್ತು ಗೋದಾಮಿನಲ್ಲಿ ಇರಕೂಡದು ಎಂದವರು ಪಕ್ಕದಲ್ಲೇ ನಿಂತು ಕಣ್ಣು ಕಿರಿದು ಮಾಡಿದ್ದರು. ಗಡಿಯಾರದ ಮುಳ್ಳು ಟಿಕ್ ಟಿಕ್ ಎಂದು ಅವನನ್ನು ಗೇಟಿನ ಕಡೆ ತಳ್ಳುತ್ತಿತ್ತು.

ಹೆಂಡತಿ ಬಗ್ಗಿ ಡಬ್ಬಿಯಿಂದ ಒಂದು ತುಂಡು ಎತ್ತಿದಳು. ಒಂದು ಕಡೆ ಸೊಟ್ಟ, ಒಂದು ಕಡೆ ತೂತು. "ಇದು ಯಾವುದಕ್ಕೆ ಹೊಂದುತ್ತೆ?"

"ಗೊತ್ತಿಲ್ಲ ಕಣೆ."

"ಏನಕ್ಕಾದ್ರೂ ಬರುತ್ತಾ?"

"ಇಲ್ಲೀವರೆಗೂ ಬಂದಿಲ್ಲ."

"ಮತ್ಯಾಕೆ ಇಟ್ಕೊಂಡಿದೀರಿ?"

"ಬಿಸಾಕೋಕೆ ಮನಸ್ಸು ಬರಲ್ಲ."

ಅವಳು ಆ ತುಂಡನ್ನು ನೋಡಿದಳು. ಗಂಡನನ್ನು ನೋಡಿದಳು. ಇನ್ನೊಂದು ಸಲ ತುಂಡನ್ನು ನೋಡಿದಳು. ಆಮೇಲೆ ಅವನ ಜೇಬಿನಿಂದ ಪೆನ್ನು ಕಿತ್ತುಕೊಂಡು, ಪಟ್ಟಿಯ ಕೊನೆಯಲ್ಲಿ, ನಾನೂರ ಹದಿಮೂರನೆಯ ಸಾಲು ಬರೆದು ಬಿಲ್ಲಕ್ಕನ ಕೈಗೆ ಕೊಟ್ಟಳು. ಬಿಲ್ಲಕ್ಕ ಓದಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಹೇಗೋ ಸಾವರಿಸಿಕೊಂಡು ಕೂಗಿದಳು.

ಒಳಗಿನ ರ್ಯಾಕುಗಳ ಹತ್ತಿರ ನಿಂತಿದ್ದ ಲೋಡರಣ್ಣ ಎದೆ ತುಂಬ ಉಸಿರು ತೆಗೆದುಕೊಂಡು ಮರುಕೂಗಿದ: "ನಮ್ಮನೆಯವರೂ! ಒಂದೂ! ತಗಡೂ!"

"ಬಂದೇ!" ಎಂದು ಗೋದಾಮಪ್ಪ ಧಡಕ್ಕನೆ ಎದ್ದು ನಿಂತ.

ಎಂಜಿನಿಯರಮ್ಮ ಗಡಿಯಾರ ನೋಡಿದರು. "ಒಂದು ಸೆಕೆಂಡು," ಎಂದರು. ಬಿಲ್ಲಕ್ಕನ ಕೈಯಿಂದ ಪಟ್ಟಿ ತೆಗೆದುಕೊಂಡು, ಹೆಂಡತಿ ಬರೆದ ವಿವರವನ್ನು ಮನಸ್ಸಿನಲ್ಲೇ ಓದಿಕೊಂಡರು: ಯಾವುದಕ್ಕೆ ಹೊಂದುತ್ತದೋ ಗೊತ್ತಿಲ್ಲ. ಬಿಸಾಡಬಾರದು. ಆಮೇಲೆ ಆ ದಿನ ಮೊದಲ ಸಲ ನಕ್ಕು, ಹತ್ತನೆಯ ಸರಿ ಗುರುತು ಹಾಕಿದರು.